ತಿಂಗಳಿಗೆ ಒಂದು ದಿನ ಒಬ್ಬ ತಜ್ಞ ಡಾಕ್ಟರನ್ನು ಕಳಿಸಿ: ಉತ್ತರ ಕನ್ನಡದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಬೇಲೆಕೇರಿ ಕಡೆಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಹನ್ನೊಂದು ವರ್ಷದಿಂದ ನನಗೆ ಲೂಪಸ್ ಅನ್ನೋ ರೋಗ ಇದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಸೀಲು ಹಾಕಿದ ಸ್ವೀಕೃತಿ ಚೀಟಿಗಳು ಒಂದು ಡಬ್ಬಿ ತುಂಬ ಇವೆ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ಒಂದು ದಿನ, ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಒಬ್ಬ ರುಮಟಾಲಜಿಸ್ಟ್, ಅಂದರೆ ಕೀಲುವಾತ, ಲೂಪಸ್‌ನಂಥ ರೋಗ ನೋಡುವ ತಜ್ಞ ಡಾಕ್ಟರು, ಬರಬೇಕು. ನಮ್ಮ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ಇಷ್ಟೇ.

ಲೂಪಸ್ ಅಂದರೆ ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನಮ್ಮ ಕೀಲು, ಚರ್ಮ, ಕಿಡ್ನಿಯ ಮೇಲೆ ಬೀಳುವುದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅದೂ ಹೆಚ್ಚಾಗಿ ಮದುವೆ, ಬಸಿರು, ಬಾಣಂತನದ ವಯಸ್ಸಿನವರು. ಇದು ಅಂಟುವ ರೋಗ ಅಲ್ಲ. ನನಗೆ ಮೊದಲು ಕೀಲು ಹಿಡಿದಾಗ ಚಿಕುನ್‌ಗುನ್ಯಾ ಅಂದರು. ಮುಖದ ಮೇಲೆ ಚಿಟ್ಟೆಯ ರೆಕ್ಕೆ ಹಾಗೆ ಕೆಂಪು ಮೂಡಿದಾಗ ನಾಗದೋಷ ಅಂದರು. ಲೂಪಸ್ ಇದೆಯಾ ಅಂತ ನೋಡಲು ಮಾಡುವ ಎಎನ್‌ಎ ಅನ್ನೋ ರಕ್ತ ಪರೀಕ್ಷೆ ಆಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ಕಿಡ್ನಿಗೂ ಪೆಟ್ಟು ಬಿದ್ದಿತ್ತು.

ಇದರ ಜೊತೆ ಚೆನ್ನಾಗಿ ಬದುಕಬಹುದು. ನಾನೇ ಬದುಕುತ್ತಿದ್ದೇನೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಒಂದು ದಿನವೂ ತಪ್ಪಿಸುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೇನೆ, ಮೂರು ತಿಂಗಳಿಗೊಮ್ಮೆ ಮೂತ್ರ, ರಕ್ತ ಪರೀಕ್ಷೆ. ಬಿಸಿಲು ಆಗದ್ದರಿಂದ ಡಿಸೆಂಬರ್‌ನಲ್ಲೂ ಕೊಡೆ ಹಿಡಿಯುತ್ತೇನೆ, ಉದ್ದ ತೋಳಿನ ರವಿಕೆಯನ್ನು ನಾನೇ ಹೊಲಿದುಕೊಳ್ಳುತ್ತೇನೆ. ಮೀನು ಒಣಗಿಸುವ ಕೆಲಸ ಪೂರ್ತಿ ಬಿಟ್ಟೆ. ಸುಸ್ತಾದ ದಿನ ಗಂಡ ಏನೂ ಕೇಳದೆ ಅನ್ನಕ್ಕಿಡುತ್ತಾರೆ. "ನೋಡಲು ಚೆನ್ನಾಗೇ ಇದ್ದೀಯಲ್ಲ" ಅಂತ ಅವರು ಒಂದು ದಿನವೂ ಅಂದಿಲ್ಲ. ಊರಲ್ಲಿ ಉಳಿದವರೆಲ್ಲ ಅಂದಿದ್ದಾರೆ.

ಮನೆಯವರು ಅವರ ಪಾಲಿನದು ಮಾಡುತ್ತಿದ್ದಾರೆ. ನಿಮ್ಮ ಪಾಲಿನದು ಎಲ್ಲಿ?

ಕಳೆದ ಮೇ ತಿಂಗಳಲ್ಲಿ ಆದದ್ದು ಹೇಳಲೇಬೇಕು. ಒಂದು ಆಸ್ಪತ್ರೆಗೆ ಗುಳಿಗೆ ತರಲು ಹೋಗಿದ್ದೆ. ಸಾಲು ಹೊರಗೆ ಬಿಸಿಲಲ್ಲಿತ್ತು. ನನಗೆ ಬಿಸಿಲು ಆಗುವುದಿಲ್ಲ, ನೆರಳಲ್ಲಿ ಕೂರುತ್ತೇನೆ, ನನ್ನ ಸರದಿ ಬಂದಾಗ ಕರೆಯಿರಿ ಅಂದೆ. "ಬಿಸಿಲು ನಿನಗೊಬ್ಬಳಿಗೇನಾ? ಎಲ್ಲರೂ ನಿಂತಿಲ್ವಾ?" ಅಂದರು. ಒಂದೂವರೆ ತಾಸು ನಿಂತೆ. ಒಳಗೆ ಹೋದರೆ ಗುಳಿಗೆ ಕೊಡುವವರು ಚೀಟಿ ತಿರುಗಿಸಿ ನೋಡಿ, "ಇದು ಮಲೇರಿಯಾ ಮಾತ್ರೆ. ನಿನಗೆಲ್ಲಿ ಜ್ವರ ಇದೆ?" ಅಂತ ಎಲ್ಲರೆದುರು ನಕ್ಕರು. ಕೊಡಲಿಲ್ಲ. ಅದು ಮಲೇರಿಯಾಕ್ಕೆ ಬಂದ ಗುಳಿಗೆ ನಿಜ. ಲೂಪಸ್‌ಗೆ ಕೊಡುವ ಮುಖ್ಯ ಗುಳಿಗೆಯೂ ಅದೇ. ಮೂರೇ ದಿನಕ್ಕೆ ಕಾಲು ಬಾತುಕೊಂಡಿತು, ಮೂತ್ರದಲ್ಲಿ ಪ್ರೋಟೀನ್ ಏರಿತು. ಒಂಬತ್ತು ದಿನ ಸ್ಟೀರಾಯ್ಡ್ ಹಾಕಿಸಿಕೊಂಡು ಮಲಗಿದ್ದೆ. ಆ ಬಿಸಿಲೊಂದೇ ಕಾರಣ ಅಂತ ನಾನು ಆಣೆ ಮಾಡುವುದಿಲ್ಲ. ಆದರೆ ಬಿಸಿಲಿಗೆ ಲೂಪಸ್ ಕೆರಳುತ್ತದೆ ಅಂತ ಡಾಕ್ಟರೇ ಹೇಳುತ್ತಾರೆ. ಆ ನಗು ಇನ್ನೂ ಕಿವಿಯಲ್ಲಿದೆ.

2020ರಲ್ಲಿ ಕೊರೋನಾಕ್ಕೆ ಇದೇ ಗುಳಿಗೆ ಮದ್ದು ಅಂತ ಸುದ್ದಿ ಹಬ್ಬಿದಾಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಅರ್ಧ ಅರ್ಧ ಮಾಡಿ ನುಂಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಲ್ಲಿ ಜೀವ ಕಳೆದುಕೊಂಡವರ ಮನೆಯ ದುಃಖದ ಮುಂದೆ ನನ್ನದು ಏನೂ ಅಲ್ಲ. ಆದರೆ ಆ ವಾರ ನನ್ನ ಮಣಿಪಾಲದ ತಪಾಸಣೆ ತಪ್ಪಿತು. ಮಣಿಪಾಲ ಇಲ್ಲವಾದರೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ಕೀಲು ಹಿಡಿದವಳಿಗೆ ಆ ಬಸ್ಸಿನ ದಾರಿ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ. ಹೋಗಿ ಬಂದರೆ ಎರಡು ದಿನದ ದುಡಿಮೆ ಹೋಯಿತು. ಆಯುಷ್ಮಾನ್ ಕಾರ್ಡು, ರೆಫರಲ್ ಚೀಟಿ, ಇವೆಲ್ಲದರ ನಿಯಮ ನಿಮಗೆ ಗೊತ್ತೇ ಇದೆ. ಮಲಗಿ ಚಿಕಿತ್ಸೆ ಪಡೆಯುವವರಿಗೆ ಅದು ಆಗುತ್ತದೆ. ಮಲಗುವ ಸ್ಥಿತಿ ಬಾರದಿರಲಿ ಅಂತ ತಿಂಗಳು ತಿಂಗಳು ಓಡಾಡುವ ನಮಗೆ?

ಶಿರಸಿ ಕಡೆಯ ಒಬ್ಬ ಹುಡುಗಿ ನನಗೆ ಫೋನ್ ಮಾಡುತ್ತಾಳೆ. ಇಪ್ಪತ್ತೆರಡು ವರ್ಷ. ಗಂಡು ಸಿಗುವುದಿಲ್ಲ ಅಂತ ಮನೆಯವರು ರೋಗ ಮುಚ್ಚಿಟ್ಟಿದ್ದಾರೆ. ಗುಳಿಗೆಯನ್ನು ಪುಸ್ತಕದ ಚೀಲದಲ್ಲಿ ಅಡಗಿಸಿಡುತ್ತಾಳೆ. ಹತ್ತಿರದಲ್ಲೇ ಒಬ್ಬ ಡಾಕ್ಟರು ಕೂತು ಅವಳ ಅಪ್ಪ ಅಮ್ಮನಿಗೆ ಹತ್ತು ನಿಮಿಷ ತಿಳಿಸಿ ಹೇಳಿದರೆ ಸಾಕಿತ್ತು, ಅಲ್ವಾ?

ಮೇ 10ನ್ನು ವಿಶ್ವ ಲೂಪಸ್ ದಿನ ಅನ್ನುತ್ತಾರೆ. ಅವತ್ತು ನಮಗೆ ಭಾಷಣ ಬೇಡ, ಹಣ್ಣು ಹಂಪಲು ಬೇಡ. ತಿಂಗಳಿಗೆ ಒಂದು ದಿನ ಡಾಕ್ಟರು ಬೇಕು. ಗುಳಿಗೆ ಬೇಕು. ಸಾಲಿನಲ್ಲಿ ನಿಲ್ಲಲು ನೆರಳು ಬೇಕು.

ನನ್ನ ಹತ್ತಿರ ಇನ್ನು ಹದಿನೆಂಟು ಗುಳಿಗೆ ಉಳಿದಿವೆ. ಅವು ಮುಗಿಯುವುದರೊಳಗೆ ಉತ್ತರ ಕೊಡಿ.

ಇಂತಿ,
ಬೇಲೆಕೇರಿ ಕಡೆಯ ಒಬ್ಬ ಮತದಾರಳು