57,820 ರೂಪಾಯಿಯ ಕೋಣೆ ಮತ್ತು ಒಂದು ಬಾಳೆಹಣ್ಣು

ಕುವೆಂಪುನಗರ, ಮೈಸೂರು
9 ಫೆಬ್ರವರಿ 2026

ಇವರಿಗೆ,
ಅತಿಥಿ ಸೇವೆಗಳ ಮುಖ್ಯಸ್ಥರು,
ಥೀಮ್ ಪಾರ್ಕಿನ ಐಷಾರಾಮಿ ಹೋಟೆಲ್ ವಿಭಾಗ

ವಿಷಯ: 2025ರ ಡಿಸೆಂಬರ್ 26 ಮತ್ತು 27ರ ವಾಸ್ತವ್ಯ, ಕೋಣೆ ಸಂಖ್ಯೆ 614, ಹಾಗೂ ನಾನು ‘ಹೊರಗೆ ಸಾಗಿಸಿದೆ’ ಎನ್ನಲಾದ ಬಾಳೆಹಣ್ಣಿನ ಕುರಿತು.

ಮಾನ್ಯರೇ,

ನಿಮ್ಮ ಹೋಟೆಲಿನ ಜಾಹೀರಾತು ನಮಗೆ ಕನ್ನಡದಲ್ಲಿಯೇ ಬಂದಿದ್ದರಿಂದ ಈ ದೂರನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ‘ಮಾಂತ್ರಿಕ ರಾತ್ರಿಗಳು ನಿಮಗಾಗಿ ಕಾದಿವೆ’ ಎಂದು ಬರೆದುಕೊಟ್ಟವರು ಯಾರೋ ನಿಮ್ಮಲ್ಲಿ ಇರಲೇಬೇಕು; ಇದನ್ನೂ ಅವರೇ ಓದಿ ಹೇಳಲಿ. ಈ ಹಿಂದೆ ಮೂರು ಸಲ ದೂರವಾಣಿ ಮಾಡಿದ್ದೇನೆ, ಎರಡು ಸಲ ಇಮೇಲ್ ಕಳಿಸಿದ್ದೇನೆ, ಐದು ಸಲವೂ ‘ದಯವಿಟ್ಟು’ ಎಂದೇ ಆರಂಭಿಸಿದ್ದೇನೆ. ಫೆಬ್ರವರಿ 5ರಂದು ನಿಮ್ಮಿಂದ ಬಂದ ಉತ್ತರವನ್ನು ಓದಿದ ಮೇಲೆ ಆ ಪದ ಇನ್ನು ಬೇಡವೆನಿಸಿದೆ.

ನಾನು ಸಹಕಾರ ಸಂಘಗಳ ಲೆಕ್ಕಪರಿಶೋಧನಾ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು. ಅದರಲ್ಲಿ ಹೆಚ್ಚು ವರ್ಷ ಕಳೆದದ್ದು ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಂಘಗಳ ಪುಸ್ತಕಗಳ ಮುಂದೆ. ಖರ್ಚು ದೊಡ್ಡದು ಎಂಬ ಕಾರಣಕ್ಕೆ ನಾನು ಎಂದೂ ಆಕ್ಷೇಪಣೆ ಬರೆದವಳಲ್ಲ, ಖರ್ಚಿಗೆ ತಕ್ಕ ವೋಚರ್ ಇದೆಯೇ ಎಂದಷ್ಟೇ ಕೇಳಿದವಳು. ನಿಮ್ಮ ಕೋಣೆಯ ಬಾಡಿಗೆಯನ್ನೂ ಅದೇ ಕಣ್ಣಿನಿಂದ ನೋಡಿದ್ದೇನೆ. ಜಾಹೀರಾತಿನಲ್ಲಿ ರಾತ್ರಿಗೆ 23,000 ಎಂದಿತ್ತು, ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ‘ಸೌಲಭ್ಯ ಶುಲ್ಕ’ವೆಂಬ 1,500 ಸೇರಿಕೊಂಡು 24,500 ಆಯಿತು, ಶೇಕಡ 18 ಜಿಎಸ್‌ಟಿ ಸೇರಿ 28,910 ಆಯಿತು, ಎರಡು ರಾತ್ರಿಗೆ 57,820. ಗೇಟಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಶುಚಿಯಾದ ಲಾಡ್ಜ್ ಒಂದನ್ನು ಮಗಳು ಹುಡುಕಿಟ್ಟಿದ್ದಳು. ಅಲ್ಲಿ ರಾತ್ರಿಗೆ 3,800. ಬಾಡಿಗೆ 7,500ರ ಒಳಗಿರುವ ಕೋಣೆಗಳಿಗೆ ಕಳೆದ ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡ 5ಕ್ಕೆ ಇಳಿದಿರುವುದರಿಂದ ಒಟ್ಟು 3,990. ನಾಲ್ಕು ಸಲದ ಆಟೊ ಬಾಡಿಗೆ 480ನ್ನು ನಿಮ್ಮ ಪರವಾಗಿ ಕಳೆದರೂ ಎರಡು ರಾತ್ರಿಯ ವ್ಯತ್ಯಾಸ 49,360 ರೂಪಾಯಿ. ಪಾರ್ಕಿನ ಟಿಕೆಟು ಎಲ್ಲಿ ಉಳಿದರೂ ಬೇರೆಯೇ ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮಗಳು ಬೇಡವೆಂದಳು. ‘ಮೊಮ್ಮಗನಿಗೆ ಏಳು ತುಂಬಿದೆ, ಜೀವಮಾನದಲ್ಲಿ ಒಂದು ಸಲ’ ಎಂದು ಹಟ ಹಿಡಿದವಳು ನಾನೇ. ಈ ಪತ್ರದಲ್ಲಿ ಸಿಟ್ಟು ಹೆಚ್ಚಾಗಿ ಕಂಡರೆ ಅದರಲ್ಲಿ ಅರ್ಧ ನನ್ನ ಮೇಲಿನದು.

ಈ 49,360 ರೂಪಾಯಿಗೆ ಏನು ಬರಬೇಕು ಎಂಬುದು ನಿಮ್ಮ ವ್ಯಾಪಾರದಲ್ಲಿ ಇರುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಥೀಮ್ ಪಾರ್ಕಿನ ಹೋಟೆಲಿಗೆ ಯಾರೂ ಹಾಸಿಗೆಯ ಮೆದುತನಕ್ಕಾಗಿ ಹಣ ಕೊಡುವುದಿಲ್ಲ. ಉಳಿಯುವ ಹೊತ್ತಿಗಾಗಿ, ತಪ್ಪುವ ನಡಿಗೆಗಾಗಿ, ನಿಲ್ಲಬೇಕಿಲ್ಲದ ಸಾಲಿಗಾಗಿ ಕೊಡುತ್ತಾರೆ. ನನ್ನ ತಂಗಿಯ ಮಗ ಫ್ಲಾರಿಡಾದಲ್ಲಿದ್ದಾನೆ. ಅಲ್ಲಿನ ಡಿಸ್ನಿಯ ಕಂಟೆಂಪರರಿ ಹೋಟೆಲು 1971ರಲ್ಲಿ ಪಾರ್ಕಿನ ಜೊತೆಗೇ ತೆರೆದದ್ದು, ಪಾರ್ಕಿಗೆ ಹೋಗುವ ಮೋನೊರೈಲು ಆ ಕಟ್ಟಡದ ಒಳಗೇ ಹಾದುಹೋಗುತ್ತದೆ. ಡಿಸ್ನಿಯ ಹೋಟೆಲುಗಳಲ್ಲಿ ಉಳಿದವರಿಗೆ, ಅಗ್ಗದ ಕೋಣೆಯವರನ್ನೂ ಸೇರಿಸಿ, ಪಾರ್ಕಿಗೆ ಅರ್ಧ ಗಂಟೆ ಮೊದಲೇ ಪ್ರವೇಶವಿದೆ. ಅವರೂ ಸಾಧುಗಳೇನಲ್ಲ, 2018ರಲ್ಲಿ ಹೋಟೆಲಿನ ಅತಿಥಿಗಳಿಗೇ ರಾತ್ರಿಯ ಪಾರ್ಕಿಂಗ್ ಶುಲ್ಕ ಹಾಕಿದ್ದರು, 2023ರ ಜನವರಿಯಲ್ಲಿ ಕೈಬಿಟ್ಟರು. ಪಕ್ಕದ ಯುನಿವರ್ಸಲ್ ಕಂಪನಿಯ ಮೂರು ದುಬಾರಿ ಹೋಟೆಲುಗಳಲ್ಲಿ ಉಳಿದರೆ ಅವರ ಎರಡು ಹಳೆಯ ಪಾರ್ಕುಗಳಲ್ಲಿ ಸಾಲು ತಪ್ಪಿಸುವ ಪಾಸು ಬಾಡಿಗೆಯಲ್ಲೇ ಸೇರಿರುತ್ತದೆ. ಆ ಪಾಸನ್ನು ಬೇರೆಯಾಗಿ ಕೊಂಡರೆ ಎಷ್ಟು ಎಂದು ನೋಡಿ ಅಲ್ಲಿನವರು ಕೋಣೆ ಲಾಭವೋ ನಷ್ಟವೋ ಎಂದು ಲೆಕ್ಕ ಹಾಕುತ್ತಾರಂತೆ. ಅಷ್ಟು ದೂರವೇಕೆ, ನಮ್ಮ ಕನ್ನಂಬಾಡಿಯಲ್ಲಿ ಬೃಂದಾವನದ ಪಕ್ಕದ ಹೋಟೆಲಿನಲ್ಲಿ ಉಳಿದವರು, ಪ್ರವಾಸಿ ಬಸ್ಸಿನ ಜನ ಕಾರಂಜಿ ಮುಗಿದ ಕೂಡಲೇ ಮಕ್ಕಳನ್ನು ಎಳೆದುಕೊಂಡು ಓಡುವಾಗ, ನಿಧಾನವಾಗಿ ಕಾಫಿ ಕುಡಿಯುತ್ತಾರೆ. ಅವರು ಹೆಚ್ಚಿಗೆ ಕೊಟ್ಟದ್ದು ಕಾಫಿಗಲ್ಲ, ಓಡದೆ ಇರುವುದಕ್ಕೆ.

ನೀವು ಮಾರಿದ್ದೂ ಅದನ್ನೇ: ಅರ್ಧ ಗಂಟೆ ಮುಂಚಿನ ಪ್ರವೇಶ ಮತ್ತು ‘ಉದ್ಯಾನ ನೋಟದ ಕೋಣೆ’. ಕೋಣೆಯ ಕಿಟಕಿಯಿಂದ ದೊಡ್ಡ ರೈಡಿನ ಬೆನ್ನೂ ಎರಡು ಡೀಸೆಲ್ ಜನರೇಟರುಗಳೂ ಕಾಣುತ್ತಿದ್ದವು. ಅವೂ ಉದ್ಯಾನದ ಒಳಗೇ ಇರುವುದರಿಂದ ಜಾಹೀರಾತು ಸುಳ್ಳೆಂದು ಹೇಳಲಾರೆ. ಮುಂಚಿನ ಪ್ರವೇಶಕ್ಕೆಂದು 28ರ ಬೆಳಿಗ್ಗೆ 9.30ಕ್ಕೆ ಹೋದೆವು. ಗೇಟು ತೆರೆದದ್ದು 9.42ಕ್ಕೆ. ಒಳಗೆ ಹತ್ತು ಗಂಟೆಯವರೆಗೆ ನಡೆಯುತ್ತಿದ್ದದ್ದು ಮರದ ಕುದುರೆಗಳ ತಿರುಗಣಿ ಒಂದು, ಗೊಂಬೆಯಂಗಡಿ ಒಂದು. ಹತ್ತು ಗಂಟೆಗೆ ದೋಣಿಯ ರೈಡು ತೆರೆಯಿತು, ಅದೇ ಕ್ಷಣಕ್ಕೆ ಹೊರಗಿನ ಗೇಟೂ ತೆರೆಯಿತು. ಲಾಡ್ಜಿನಲ್ಲಿ 3,990 ಕೊಟ್ಟು ಉಳಿದವರು ನಮ್ಮ ಹಿಂದೆ ಆರನೆಯವರಾಗಿ ನಿಂತಿದ್ದರು. ಮೊಮ್ಮಗ 116 ಸೆಂಟಿಮೀಟರ್ ಇರುವುದರಿಂದ ದೊಡ್ಡ ರೈಡಿಗೆ ಬಿಡಲಿಲ್ಲ. ಅದು ಸುರಕ್ಷತೆಯ ನಿಯಮ, ಅದರ ಬಗ್ಗೆ ನನಗೆ ದೂರಿಲ್ಲ.

ಇನ್ನು 27ರ ಬೆಳಿಗ್ಗೆಯ ವಿಚಾರ. ನನ್ನ ಪತಿಗೆ ಸಕ್ಕರೆ ಕಾಯಿಲೆ ಇದೆ. ಅಂದು ಇನ್ಸುಲಿನ್ ತೆಗೆದುಕೊಂಡ ಮೇಲೆ ರಕ್ತದ ಸಕ್ಕರೆ ಇಳಿದು ತಲೆ ಸುತ್ತಿದಂತಾಗಿ ಅವರು ಕೋಣೆಯಲ್ಲೇ ಮಲಗಿದರು. ಕೋಣೆಗೆ ತಿಂಡಿ ತರಿಸಲು ಕೇಳಿದರೆ 45 ನಿಮಿಷವಾಗುತ್ತದೆ ಎಂದರು. ನಾಲ್ವರಿಗೂ ಬೆಳಗಿನ ಉಪಾಹಾರ ಬಾಡಿಗೆಯಲ್ಲೇ ಸೇರಿತ್ತು. ಮಗಳನ್ನೂ ಮೊಮ್ಮಗನನ್ನೂ ಬಫೆಯಲ್ಲಿ ಕೂರಿಸಿ, ನಾನು ಒಂದು ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಬಾಗಿಲಿನ ಕಡೆ ಹೊರಟೆ. ಸೆರಗಿನಲ್ಲಿ ಮುಚ್ಚಿರಲಿಲ್ಲ, ಚೀಲಕ್ಕೆ ಹಾಕಿರಲಿಲ್ಲ, ಕೈಯಲ್ಲಿ ಹಿಡಿದಿದ್ದೆ. ಅದು ನಂಜನಗೂಡಿನ ರಸಬಾಳೆಯೂ ಆಗಿರಲಿಲ್ಲ. ತುದಿ ಹಸಿರಾಗಿದ್ದ ಪಚ್ಚಬಾಳೆ. (‘ಮೈಸೂರು ಮಸಾಲೆ ದೋಸೆ’ ಎಂಬ ಫಲಕದ ಕೆಳಗೆ ಇಟ್ಟಿದ್ದ ಪದಾರ್ಥದ ಬಗ್ಗೆ ಮೈಸೂರಿನವಳಾಗಿ ಮೌನ ವಹಿಸುತ್ತೇನೆ.)

ಬಾಗಿಲಲ್ಲಿದ್ದ ಹೆಣ್ಣುಮಗಳು ‘ಮೇಡಂ, ಅದೇನು?’ ಎಂದು ಕೇಳಿದರು. ಬಾಳೆಹಣ್ಣು ಎಂದೆ. ‘ಹೊರಗೆ ತೆಗೆದುಕೊಂಡು ಹೋಗುವಂತಿಲ್ಲ, ಒಳಗೆ ಕುಳಿತು ಎಷ್ಟು ಬೇಕಾದರೂ ತಿನ್ನಬಹುದು’ ಎಂದರು. ಹನ್ನೆರಡು ತಿನ್ನಬಹುದೇ ಎಂದೆ. ತಿನ್ನಬಹುದು ಎಂದರು. ಹಾಗಾದರೆ ಹನ್ನೊಂದನ್ನು ಬಿಟ್ಟುಕೊಡುತ್ತೇನೆ, ಒಂದನ್ನು ಕೋಣೆಯಲ್ಲಿರುವ ರೋಗಿಗೆ ಒಯ್ಯುತ್ತೇನೆ ಎಂದೆ. ಅವರು ವಾಕಿಟಾಕಿಯಲ್ಲಿ ಯಾರನ್ನೋ ಕರೆದರು. ಕೋಟು ಧರಿಸಿದ ಮೇಲ್ವಿಚಾರಕರು ಬಂದರು. ನನ್ನ ಕಥೆಯನ್ನು ಮೊದಲಿನಿಂದ ಹೇಳಿಸಿದರು. ಆಮೇಲೆ ಚೀಲವನ್ನು ತೆರೆದು ತೋರಿಸಲು ಹೇಳಿದರು. ನನ್ನ ಹಿಂದೆ ಆಗ ಹನ್ನೊಂದು ಜನ ನಿಂತಿದ್ದರು. ಎಣಿಸುವುದು ನನ್ನ ವೃತ್ತಿಯ ಚಾಳಿ. ಚೀಲದಲ್ಲಿದ್ದ ಸ್ಟೀಲು ಡಬ್ಬಿಯ ಮುಚ್ಚಳ ತೆಗೆಸಿದರು. ಒಳಗೆ ಮನೆಯಿಂದ ತಂದ ಕೋಡುಬಳೆ ಇತ್ತು. ‘ಇದೂ ನಮ್ಮ ಬಫೆಯದೇ?’ ಎಂದು ಕೇಳಿದರು. ನಿಮ್ಮ ಬಫೆಯಲ್ಲಿ ಕೋಡುಬಳೆ ಇದೆಯೇ ಎಂದು ನಾನು ಕೇಳಿದೆ. ಮಾನ್ಯರೇ, ಅವರು ನಗಲಿಲ್ಲ. ವಾಕಿಟಾಕಿಯಲ್ಲಿ ಅಡುಗೆಮನೆಯನ್ನು ಕರೆದು, ಈ ದಿನದ ಪಟ್ಟಿಯಲ್ಲಿ ‘ಕೋಡಬಲ್’ ಎಂಬುದು ಇದೆಯೇ ಎಂದು ವಿಚಾರಿಸಿದರು. ಇಲ್ಲವೆಂಬ ಉತ್ತರ ಬರುವವರೆಗೆ ನಾನು ತೆರೆದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಸಾಲಿನಲ್ಲಿದ್ದ ಮಗುವೊಂದು ಆ ಅಜ್ಜಿ ಏನು ಕದ್ದರು ಎಂದು ತನ್ನ ತಾಯಿಯನ್ನು ಕೇಳಿತು. ತಾಯಿ ಮಗುವಿನ ಬಾಯಿ ಮುಚ್ಚಿದರು, ಉತ್ತರವನ್ನು ಕೊಡಲಿಲ್ಲ.

ತಟ್ಟೆ ಎತ್ತುತ್ತಿದ್ದ ಹುಡುಗನೊಬ್ಬ ನಮ್ಮ ಕಡೆಯವನೇ ಇರಬೇಕು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ‘ಅಮ್ಮಾ, ಬಿಟ್ಟುಬಿಡಿ, ನಾನೇ ರೂಮಿಗೆ ತಂದುಕೊಡ್ತೀನಿ’ ಎಂದ. ಮೇಲ್ವಿಚಾರಕರು ಅವನನ್ನು ನೋಡಿದ ನೋಟಕ್ಕೆ ಅವನು ಹಿಂದೆ ಸರಿದ. ಆ ಹುಡುಗನನ್ನು ಹುಡುಕಿ ನೋಟಿಸು ಕೊಡುವ ಉತ್ಸಾಹವನ್ನು ತೋರಬೇಡಿ. ನಿಮ್ಮ ಇಡೀ ಹೋಟೆಲಿನಲ್ಲಿ ನಾನು ಕಂಡ ಆತಿಥ್ಯ ಅದೊಂದೇ. ಕೊನೆಗೆ ‘ಪಾರ್ಸೆಲ್ ಶುಲ್ಕ’ 350, ತೆರಿಗೆ 63, ಒಟ್ಟು 413 ರೂಪಾಯಿಯ ಚೀಟಿಗೆ ಸಹಿ ಹಾಕಿಸಿಕೊಂಡು ನನ್ನನ್ನು ಬಿಟ್ಟರು. 9.05ಕ್ಕೆ ಬಾಗಿಲು ತಲುಪಿದವಳು ಕೋಣೆ ಸೇರಿದ್ದು 9.31ಕ್ಕೆ. ಅಷ್ಟರಲ್ಲಿ ನನ್ನ ಪತಿ ಚಹಾದ ತಟ್ಟೆಯಲ್ಲಿದ್ದ ಎರಡು ಸಕ್ಕರೆ ಪೊಟ್ಟಣಗಳನ್ನು ಬಾಯಿಗೆ ಸುರಿದುಕೊಂಡು ತಾವೇ ಚೇತರಿಸಿಕೊಂಡಿದ್ದರು. ಆ ಪೊಟ್ಟಣಗಳಿಗೆ ನೀವು ಶುಲ್ಕ ಹಾಕಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಹಣ್ಣಿನ ಬೆಲೆ ಕೇಳಿದ ಮೇಲೆ ಅದು ಅವರ ಗಂಟಲಲ್ಲಿ ಇಳಿಯಲಿಲ್ಲ, ಸಂಜೆ ಮೊಮ್ಮಗ ತಿಂದ.

ಕೋಣೆಯಲ್ಲಿ ನೀವೇ ಇಟ್ಟಿರುವ ಅತಿಥಿ ಕೈಪಿಡಿಯ 9ನೆಯ ಪುಟದಲ್ಲಿ, ಅಸ್ವಸ್ಥರಾದ ಅತಿಥಿಗಳ ಉಪಾಹಾರದ ಬಗ್ಗೆ ಏನು ಬರೆದಿದೆ ಎಂಬುದು ನಿಮಗೆ ಕಂಠಪಾಠವಾಗಿರುತ್ತದೆ, ಆದ್ದರಿಂದ ಅದನ್ನು ಇಲ್ಲಿ ಉದ್ಧರಿಸುವುದಿಲ್ಲ. ‘ಯಾವುದೇ ಶುಲ್ಕವಿಲ್ಲದೆ’ ಎಂಬ ಎರಡು ಪದಗಳನ್ನು ಮಾತ್ರ ನೆನಪಿಸುತ್ತೇನೆ.

ಉಳಿದ ಬಿಲ್ಲುಗಳನ್ನು ಬೇಗ ಮುಗಿಸುತ್ತೇನೆ. ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಂಡಿರಿ. ಹೋಟೆಲುಗಳು ಹಾಗೆ ಮಾಡಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ರಾತ್ರಿಯೂಟದ 4,260 ರೂಪಾಯಿಯ ಮೇಲೆ ಕೇಳದೆಯೇ ‘ಆತಿಥ್ಯ ಕೊಡುಗೆ’ ಎಂದು ಶೇಕಡ 10, ಅಂದರೆ 426 ಸೇರಿಸಿದ್ದೀರಿ. ಸೇವಾ ಶುಲ್ಕವನ್ನು ಊಟದ ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ಕೊಡುಗೆ ಎಂಬುದು ಕೊಡುವವರು ಇಡುವ ಹೆಸರು, ಕಸಿಯುವವರು ಇಡುವುದಲ್ಲ. ಮೊದಲ ಪುಟದಲ್ಲಿ 23,000 ತೋರಿಸಿ ಕೊನೆಯ ಪುಟದಲ್ಲಿ 24,500 ಕೇಳುವ ವಿದ್ಯೆಗೂ ಅದೇ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿದೆ. ಅಲ್ಲಿ ಪಟ್ಟಿ ಮಾಡಿರುವ 13 ಮೋಸದ ವಿನ್ಯಾಸಗಳಲ್ಲಿ ಅದೂ ಒಂದು.

ಇಷ್ಟಾದರೂ ನಾನು ಸುಮ್ಮನಾಗುತ್ತಿದ್ದೆನೇನೋ. ಫೆಬ್ರವರಿ 5ರ ನಿಮ್ಮ ಉತ್ತರದಲ್ಲಿ ನನ್ನನ್ನು ‘ಪ್ರಿಯ ಮಹಾಶಯರೇ’ ಎಂದು ಸಂಬೋಧಿಸಿ, ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಲಾಗಿ ‘ಅತಿಥಿಯು ಆಹಾರ ಪದಾರ್ಥವನ್ನು ಹೊರಗೆ ಸಾಗಿಸುತ್ತಿದ್ದುದು ದೃಢಪಟ್ಟಿದೆ’ ಎಂದು ಬರೆದಿದ್ದೀರಿ. ನಾನೇ ಐದು ಸಲ ಹೇಳಿದ್ದನ್ನು ತನಿಖೆ ಮಾಡಿ ದೃಢಪಡಿಸಿಕೊಂಡದ್ದಕ್ಕೆ ಅಭಿನಂದನೆಗಳು. ಆ ದೃಶ್ಯದಲ್ಲಿ 26 ನಿಮಿಷ ಡಬ್ಬಿ, ಚೀಲ, ಹಣ್ಣು ಹಿಡಿದು ನಿಂತ 64 ವರ್ಷದ ಹೆಂಗಸೊಬ್ಬಳೂ ಕಂಡಿರಬೇಕು. ಅವಳ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ಪರಿಹಾರವಾಗಿ ಮುಂದಿನ ವಾಸ್ತವ್ಯಕ್ಕೆ ಶೇಕಡ 15 ರಿಯಾಯಿತಿ, 90 ದಿನಗಳ ಒಳಗೆ, ವಾರಾಂತ್ಯ ಮತ್ತು ಶಾಲಾ ರಜೆಗಳನ್ನು ಹೊರತುಪಡಿಸಿ. ಏಳು ವರ್ಷದ ಹುಡುಗನನ್ನು ಶಾಲೆ ಬಿಡಿಸಿಕೊಂಡು ಬರಬೇಕೆಂಬುದು ನಿಮ್ಮ ಅಭಿಪ್ರಾಯವಾಗಿದ್ದರೆ ನನ್ನ ಪತಿ ಒಪ್ಪಲಾರರು, ಅವರು ನಿವೃತ್ತ ಮೇಷ್ಟ್ರು.

ಈ ಪತ್ರ ತಲುಪಿದ 15 ದಿನಗಳ ಒಳಗೆ 413 ಮತ್ತು 426 ರೂಪಾಯಿಗಳನ್ನು ಅವುಗಳ ಮೇಲಿನ ತೆರಿಗೆಯ ಲೆಕ್ಕದೊಂದಿಗೆ ಹಿಂದಿರುಗಿಸತಕ್ಕದ್ದು, ಮತ್ತು ‘ಸಾಗಿಸುತ್ತಿದ್ದುದು’ ಎಂಬ ಪದವನ್ನು ಬರಹದಲ್ಲಿ ಹಿಂಪಡೆಯತಕ್ಕದ್ದು. ಹಣದ ವಿಷಯದಲ್ಲಿ ಒಂದೆರಡು ದಿನ ತಡವಾದರೆ ಸಹಿಸಿಯೇನು, ಪದದ ವಿಷಯದಲ್ಲಿ ಸಹಿಸುವುದಿಲ್ಲ. ಇಲ್ಲವಾದರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ನಾನು ವಾಸಿಸುವ ಊರಿನಲ್ಲಿಯೇ, ಅಂದರೆ ಮೈಸೂರಿನ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸುವ ಹಕ್ಕು ನನಗಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಕಾಲಾವಕಾಶ ಎರಡು ವರ್ಷವಿದೆ. ನಿಮ್ಮವರು ದೂರದಿಂದ ಬಂದು ಉಳಿಯಬೇಕಾದರೆ ಮೈಸೂರಿನಲ್ಲಿ ಒಳ್ಳೆಯ ಲಾಡ್ಜುಗಳಿವೆ. ಬಾಡಿಗೆ 7,500ರ ಒಳಗಿದ್ದರೆ ತೆರಿಗೆ ಶೇಕಡ 5 ಮಾತ್ರ.

ಹಾಲಿನ ಸಂಘದ ಕಾರ್ಯದರ್ಶಿಯೊಬ್ಬರು 38 ರೂಪಾಯಿಯ ಹಿಂಡಿಯ ಚೀಟಿ ಒದಗಿಸಲಿಲ್ಲವೆಂದು ನಾನು ಅವರಿಗೆ ನಾಲ್ಕು ವರ್ಷ ಸತತವಾಗಿ ಆಕ್ಷೇಪಣೆ ಬರೆದಿದ್ದೇನೆ. ಐದನೆಯ ವರ್ಷ, ಆಕ್ಷೇಪಣೆಯನ್ನು ಸರಿಪಡಿಸಿದ್ದೇವೆ ಎಂಬ ಅನುಪಾಲನಾ ವರದಿ ಬಂತು. ಆಗ ನನಗೆ ಕೈತುಂಬ ಬೇರೆ ಕೆಲಸವಿತ್ತು. ಈಗ ಇಲ್ಲ.

ಬಿಲ್ಲುಗಳ ಪ್ರತಿ, ನಿಮ್ಮ ಜಾಹೀರಾತು, ಕಿಟಕಿಯಿಂದ ತೆಗೆದ ಜನರೇಟರಿನ ಚಿತ್ರ ಮತ್ತು ಬಾಳೆಹಣ್ಣಿನ ಚೀಟಿಯ ನಕಲನ್ನು ಲಗತ್ತಿಸಿದ್ದೇನೆ. ಮೂಲ ಚೀಟಿ ನನ್ನಲ್ಲಿಯೇ ಇದೆ.

ಇಂತಿ,
ಕೋಣೆ ಸಂಖ್ಯೆ 614ರ ಅತಿಥಿ