ಹಿಂದಿನ ಸಾಲಿನಲ್ಲಿ ನಿಲ್ಲು

ದಾವಣಗೆರೆ
ಬುಧವಾರ

ಪ್ರೀತಿಯ ಪುಟ್ಟಿಗೆ, ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಹಾಗೆ ಬರೆಯುವುದು ರೂಢಿ ಅಷ್ಟೇ; ನಿನ್ನ ಅಮ್ಮ ಭಾನುವಾರದಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಅವತ್ತು ಸಿಗ್ನಲ್ ಹೋದದ್ದಲ್ಲ, ಫೋನ್ ಇಟ್ಟದ್ದು ನಾನೇ ಎಂದು ಅವಳಿಗೆ ಗೊತ್ತಾಗಿದೆ.

ನೀನು ಅಲ್ಲಿ ಕಾರ್ಮಿಕ ಸಂಘಕ್ಕೆ ಹೆಸರು ಕೊಟ್ಟದ್ದು, ಮ್ಯಾನೇಜರ್ ಕರೆಸಿಕೊಂಡದ್ದು, ಆ ಬಗ್ಗೆ ಏನೇನು ಮಾತಾಡಿದೆವೋ ಅದನ್ನೆಲ್ಲ ಮತ್ತೆ ಎತ್ತುವುದಿಲ್ಲ. "ಸಹಿ ಹಾಕುವುದು ನಿಮಗೆ ರೂಢಿ, ಅಪ್ಪಾಜಿ" ಎಂದೆಯಲ್ಲ, ಅದೊಂದು ಮಾತ್ರ ಕಿವಿಯಲ್ಲೇ ಕೂತಿದೆ. ಮಿಲ್ಲಿನ ವಿಷಯ ನಿನಗೆ ಯಾರು ಹೇಳಿದರು? ಅಮ್ಮನೇ ಇರಬೇಕು. ನನಗೆ ಸಿಟ್ಟು ಬಂದದ್ದು ಆ ಮಾತು ಸುಳ್ಳೆಂದಲ್ಲ.

ರಾತ್ರಿ ನೀನು ಒಂದಕ್ಷರವನ್ನೂ ಬರೆಯದೆ ಒಂದು ಹಳೆಯ ಫೋಟೋ ಕಳಿಸಿದೆ. ಕಾಲ್ಚೆಂಡಿನ ಆಟಗಾರರು, ಮುಂದೆ ಒಂದು ಹಲಗೆ, ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರಹ. ಮೊದಲು ಅರ್ಥವಾಗಲಿಲ್ಲ. ಪಕ್ಕದ ಮನೆಯ ಹುಡುಗ ಓದಿ ಹೇಳಿದ: ಬಹಿಷ್ಕೃತರ ಫುಟ್‌ಬಾಲ್ ಕ್ಲಬ್, 1909. ನಮ್ಮ ಕಡೆ ಬಹಿಷ್ಕಾರ ಎಂದರೆ ಏನೆಂದು ನಿನಗೆ ಗೊತ್ತು, ನೀರಿಲ್ಲ, ಬೆಂಕಿಯಿಲ್ಲ. ಇವರು ಅದನ್ನೇ ತಂಡದ ಹೆಸರು ಮಾಡಿ ಫೋಟೋ ತೆಗೆಸಿಕೊಂಡಿದ್ದಾರೆ! ಮೂರು ದಿನ ಆ ಹುಡುಗನ ತಲೆ ತಿಂದು, ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಓದಿಸಿಕೊಂಡೆ.

ಹಲಗೆ ಬರೆದವನು ಚಾರ್ಲಿ ರಾಬರ್ಟ್ಸ್. ಡಾರ್ಲಿಂಗ್ಟನ್ನಿನಲ್ಲಿ 1883ರಲ್ಲಿ ಹುಟ್ಟಿದವನು. 1904ರಲ್ಲಿ ಗ್ರಿಮ್ಸ್‌ಬಿ ಟೌನ್ ತಂಡದಿಂದ 600 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಕೊಂಡುಕೊಂಡಿತು. ಕೊಂಡುಕೊಂಡಿತು ಎಂದೇ ಬರೆಯುತ್ತೇನೆ, ಏಕೆಂದರೆ ಆ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಹಣ. ಆಟಗಾರನ ಸಂಬಳಕ್ಕೆ ಮಿತಿಯಿತ್ತು, ವಾರಕ್ಕೆ 4 ಪೌಂಡ್. ಎಷ್ಟೇ ಚೆನ್ನಾಗಿ ಆಡಿದರೂ ಅದಕ್ಕಿಂತ ಹೆಚ್ಚಿಲ್ಲ. ಕ್ಲಬ್ಬು ಬಿಡುಗಡೆ ಕೊಡದಿದ್ದರೆ ಇನ್ನೊಂದು ಕಡೆ ಆಡುವ ಹಾಗೂ ಇಲ್ಲ. ಇದನ್ನು ಓದಿದಾಗ ನಿನ್ನ ವೀಸಾ ನೆನಪಾಯಿತು. ಕೆಲಸ ಕೊಟ್ಟವರು ಕೈಬಿಟ್ಟರೆ 60 ದಿನದೊಳಗೆ ಬೇರೆ ಮಾಲೀಕರನ್ನು ಹುಡುಕಬೇಕು ಎಂದಿದ್ದೆಯಲ್ಲ. ಆ 60 ದಿನವನ್ನು ನಾನು ಇಲ್ಲಿ ಕೂತು ಕ್ಯಾಲೆಂಡರಿನ ಮೇಲೆ ಎಣಿಸಿದ್ದೇನೆ.

ಆಟಗಾರ ಮಾತ್ರ ಗಟ್ಟಿಗ. ಸೆಂಟರ್ ಹಾಫ್, ಅಂದರೆ ನಡು ಸಾಲಿನಲ್ಲಿ ಆಡುವವನು. ಬಿಳಿಚಿಕೊಂಡ ಮುಖವಂತೆ, 'ಬೂಟು ಹಾಕಿದ ದೆವ್ವ' ಎಂದು ಅಡ್ಡಹೆಸರು. ಚಡ್ಡಿ ಮೊಣಕಾಲು ಮುಚ್ಚಬೇಕೆಂದು ಆಟದ ಆಡಳಿತ ನಡೆಸುವ ಫುಟ್‌ಬಾಲ್ ಅಸೋಸಿಯೇಷನ್ ನಿಯಮ ಮಾಡಿದರೆ ಇವನು ಗಿಡ್ಡ ಚಡ್ಡಿಯಲ್ಲೇ ಆಡಿದ. (ಇದನ್ನು ಓದುವಾಗ ನಿನ್ನ ಅಮ್ಮ ಒಳಗಿನಿಂದ, "ನಿಮ್ಮ ಮಗಳ ಥರವೇ" ಎಂದಳು. ಭಾನುವಾರದಿಂದ ನನ್ನ ಕಿವಿಗೆ ಬಿದ್ದ ಒಂದೇ ಮಾತು.) 1905ರಲ್ಲಿ ಇಂಗ್ಲೆಂಡ್ ಪರವಾಗಿ ಮೂರು ಪಂದ್ಯ ಆಡಿದ, ಯುನೈಟೆಡ್‌ನಿಂದ ಹಾಗೆ ಆಡಿದವರಲ್ಲಿ ಮೊದಲಿಗ. ಅವನು ನಾಯಕನಾಗಿದ್ದಾಗ ತಂಡ 1908ರಲ್ಲಿ ಲೀಗ್ ಗೆದ್ದಿತು, 1909ರಲ್ಲಿ ಬ್ರಿಸ್ಟಲ್ ಸಿಟಿಯನ್ನು ಸೋಲಿಸಿ ಎಫ್‌.ಎ. ಕಪ್ ಗೆದ್ದಿತು, 1911ರಲ್ಲಿ ಮತ್ತೆ ಲೀಗ್.

ಆದರೆ ದೇಶದ ತಂಡಕ್ಕೆ ಮತ್ತೆಂದೂ ಕರೆ ಬರಲಿಲ್ಲ. ಆಟಗಾರರ ಸಂಘ ಕಟ್ಟಿದ್ದಕ್ಕೇ ಎನ್ನುತ್ತಾರೆ. ಆ ಲೆಕ್ಕ ನನಗೆ ಪೂರ್ತಿ ಸರಿಹೋಗಲಿಲ್ಲ, ಸಂಘ ಹುಟ್ಟಿದ್ದೇ 1907ರ ಡಿಸೆಂಬರಿನಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಅವನ ಜೊತೆಗಾರ ಥಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬವನು ಮೀಸಲು ತಂಡದ ಪಂದ್ಯದಲ್ಲಿ ಚೆಂಡಿಗೆ ತಲೆ ಕೊಟ್ಟು, ಕುಸಿದು, ತೀರಿಕೊಂಡ. ಮನೆಯವರಿಗೆ ಪರಿಹಾರವೇ ಸಿಗಲಿಲ್ಲ. ಆಮೇಲೆ ರಾಬರ್ಟ್ಸ್, ಬಿಲ್ಲಿ ಮೆರೆಡಿತ್ ಮುಂತಾದವರು ನಿನ್ನ ಮ್ಯಾಂಚೆಸ್ಟರಿನಲ್ಲೇ ಒಂದು ಹೋಟೆಲಿನಲ್ಲಿ ಸೇರಿ ಆಟಗಾರರ ಸಂಘ ಮಾಡಿದರು.

1909ರ ಬೇಸಿಗೆಯಲ್ಲಿ ಅಸೋಸಿಯೇಷನ್ ಹೇಳಿತು: ಸಂಘ ಬಿಟ್ಟಿದ್ದೇನೆ ಎಂದು ಬರೆದುಕೊಡಿ, ಇಲ್ಲವಾದರೆ ಆಟವೂ ಇಲ್ಲ, ಸಂಬಳವೂ ಇಲ್ಲ.

ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸಲು ಹೇಳಿದೆ. ಹುಡುಗ ಕಾಫಿ ಕುಡಿದು ಮನೆಗೆ ಹೋದ.

ನಮ್ಮ ಮಿಲ್ಲಿನ ಮುಷ್ಕರದ ಹೊತ್ತಿಗೆ ನೀನು ಒಂದೂವರೆ ವರ್ಷದವಳು. ಮುಷ್ಕರ ಮೂರನೆಯ ತಿಂಗಳಿಗೆ ಬಿದ್ದಿತ್ತು. ಮಿಲ್ಲಿನ ಗೇಟಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿ ಒಬ್ಬ ಗುಮಾಸ್ತ ಕೂತಿದ್ದ. ಮೇಜಿನ ಗಾಜಿನ ಕೆಳಗೆ ತಿರುಪತಿ ತಿಮ್ಮಪ್ಪನ ಪಟ, ಗಾಜಿನ ಮೇಲೆ ಮುಚ್ಚಳಿಕೆ ಪತ್ರದ ಕಟ್ಟು. ನನ್ನ ಹತ್ತಿರ ಪೆನ್ನಿರಲಿಲ್ಲ. ನನ್ನ ಹಿಂದೆ ನಿಂತಿದ್ದವನು ಪಕ್ಕದ ಮಗ್ಗದವನು, ಹನ್ನೊಂದು ವರ್ಷ ಒಂದೇ ಪಾಳಿ, ಒಂದೇ ಬುತ್ತಿ. ಅವನೇ ಜೇಬಿನಿಂದ ಪೆನ್ನು ತೆಗೆದು ಕೊಟ್ಟ. ನಾನು ಸಹಿ ಹಾಕಿದೆ. ಪೆನ್ನು ಹಿಂದಕ್ಕೆ ಕೊಟ್ಟೆ. ಅವನು ಅದನ್ನು ಜೇಬಿಗೆ ಸಿಕ್ಕಿಸಿಕೊಂಡು, ಸಾಲಿನಿಂದ ಹೊರಬಿದ್ದು, ಗೇಟು ದಾಟಿ ಹೋದ.

ನೀನು ಚಿಕ್ಕವಳಿದ್ದಾಗ ತಿನ್ನುತ್ತಿದ್ದ ಮಂಡಕ್ಕಿ ಮೆಣಸಿನಕಾಯಿ ಅವನ ಗಾಡಿಯದು. ಪೊಟ್ಟಣ ಕಟ್ಟುವಾಗ "ಪಾಪುಗೆ" ಎಂದು ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ. ಆ ಪೊಟ್ಟಣ ಕೈಯಲ್ಲಿ ಹಿಡಿದು ಮನೆಗೆ ಬರುವಷ್ಟು ದಾರಿ ನನಗೆ ಇನ್ಯಾವುದೂ ಉದ್ದ ಅನ್ನಿಸಿಲ್ಲ. ಕೊನೆಗೆ ಆ ಬೀದಿಯನ್ನೇ ಬಿಟ್ಟೆ. ಖಾರ ನಿನ್ನ ಹೊಟ್ಟೆಗೆ ಆಗುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಪೆನ್ನು ಯಾಕೆ ಕೊಟ್ಟೆ ಎಂದು ಇವತ್ತಿಗೂ ಅವನನ್ನು ಕೇಳಿಲ್ಲ. ಮನೆಯಲ್ಲಿ ಹಾಲಿಗೆ ದುಡ್ಡಿರಲಿಲ್ಲ ಎಂದು ನಾನು ಹೇಳಬಹುದು. ಅವನ ಮನೆಯಲ್ಲೂ ಇರಲಿಲ್ಲ. ಅವನ ಮಗ ನಿನಗಿಂತ ನಾಲ್ಕು ತಿಂಗಳು ಚಿಕ್ಕವನು.

ಮಿಲ್ಲು ಆಮೇಲೆ ಹೇಗೂ ಮುಚ್ಚಿತು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಇಲ್ಲಿನದು ಮುಗಿಯಿತು, ನೀನು ಅಸಲಿ ಮ್ಯಾಂಚೆಸ್ಟರಿಗೆ ಹೋದೆ.

ಮರುದಿನ ಹುಡುಗನನ್ನು ಮತ್ತೆ ಕರೆದೆ. ಬೇರೆ ಊರುಗಳ ಆಟಗಾರರಲ್ಲಿ ಹೆಚ್ಚಿನವರು ಬರೆದುಕೊಟ್ಟರಂತೆ. (ನನ್ನಂಥವರು ಅಲ್ಲಿಯೂ ಇದ್ದರು ನೋಡು.) ಯುನೈಟೆಡ್‌ನವರು ಕೊಡಲಿಲ್ಲ. ಸಂಬಳ ನಿಂತಿತು. ರಾಬರ್ಟ್ಸ್‌ಗೆ 500 ಪೌಂಡಿನ ಸಹಾಯಾರ್ಥ ಪಂದ್ಯ ಬರಬೇಕಿತ್ತು, ಅದೂ ಹೋಗುವ ಹಾಗಿತ್ತು. ಕ್ಲಬ್ಬಿನ ಕಚೇರಿಯಲ್ಲಿ ಸಂಬಳ ಇಲ್ಲ ಎಂದಾಗ ಅದೇ ತಂಡದ ಸ್ಯಾಂಡಿ ಟರ್ನ್‌ಬುಲ್ ಗೋಡೆಯ ಕನ್ನಡಿಯನ್ನೇ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಟನಂತೆ, ಸಂಬಳದ ಬದಲು ಇದಾದರೂ ಇರಲಿ ಎಂದು. ಆಮೇಲೆ ಹಿಂದಕ್ಕೆ ಕೊಟ್ಟರು. ಅವರು ಫ್ಯಾಲೋಫೀಲ್ಡ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ತೆಗೆದದ್ದು ಈ ಫೋಟೋ. ನೀನು ಬಸ್ ಹತ್ತುವ ಫ್ಯಾಲೋಫೀಲ್ಡೇ ತಾನೇ ಅದು? ಎವರ್ಟನ್ ತಂಡದ ಟಿಮ್ ಕೋಲ್ಮನ್ ಬಂದು ಜೊತೆಗೂಡಿದ. ಹೊಸ ಋತು ಶುರುವಾಗುವ ಮುನ್ನಾದಿನ, ಆಗಸ್ಟ್ 31ಕ್ಕೆ, ಅಸೋಸಿಯೇಷನ್ ಬಗ್ಗಿತು. ಪೂರ್ತಿ ಬಗ್ಗಲಿಲ್ಲ, ಉಳಿದ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ಸೇರಬಾರದೆಂದು ಹಿಡಿಯಿತು, ಆಟಗಾರರು ಒಪ್ಪಿಕೊಂಡರು. ಸಂಬಳದ ಮಿತಿ ಹೋಗಲು 1961 ಬರಬೇಕಾಯಿತು. ಅಷ್ಟು ಹೊತ್ತಿಗೆ ರಾಬರ್ಟ್ಸ್ ಸತ್ತು ಇಪ್ಪತ್ತೊಂದು ವರ್ಷ ದಾಟಿತ್ತು.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ನೀನು ಆ ಫೋಟೋ ನೋಡಿ ಗೆಲುವು ಎಂದುಕೊಂಡಿದ್ದೀಯ. 1913ರಲ್ಲಿ ಅವನನ್ನು 1,500 ಪೌಂಡಿಗೆ ಓಲ್ಡ್‌ಹ್ಯಾಮ್‌ಗೆ ಮಾರಿದರು. ಅವನು ಹೊಟ್ಟೆಪಾಡಿಗೆ ತಂಬಾಕಿನ ವ್ಯಾಪಾರ ಇಟ್ಟುಕೊಂಡಿದ್ದ. ನಿನಗೆ ಏನಿದೆ? ನರ್ಸಿಂಗ್ ಓದಿಸಿದ ಸಾಲ ಇನ್ನೂ ಎರಡು ವರ್ಷದ್ದು ಬಾಕಿ. ನೋಡು, ಭಾಷಣ ಶುರುವಾಯಿತು. ಸಾಲದ ಮಾತು ಎತ್ತಬಾರದು ಎಂದುಕೊಂಡೇ ಕೂತಿದ್ದೆ.

ಸಂಘದಿಂದ ಹೆಸರು ವಾಪಸು ತೆಗೆದುಕೋ ಎಂದು ಭಾನುವಾರ ಕಿರುಚಿದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಾಗೆ ಕೇಳುವುದೇ ಅಲ್ಲಿ ಕಾನೂನಿಗೆ ವಿರುದ್ಧ ಎಂದು ನೀನು ಅಂದೆ, ಇರಬಹುದು. ಆ ಮ್ಯಾನೇಜರ್ ಮತ್ತೆ ಕರೆದರೆ ಒಬ್ಬಳೇ ಹೋಗಬೇಡ. ಏನು ಕಾಗದ ಕೊಟ್ಟರೂ ಅಲ್ಲೇ ಕೂತು ಸಹಿ ಹಾಕಬೇಡ, ಮನೆಗೆ ತಾ, ಫೋಟೋ ತೆಗೆದು ಇಟ್ಟುಕೋ. ಯಾರಾದರೂ ಪೆನ್ನು ಕೊಟ್ಟರೆ ತೆಗೆದುಕೊಳ್ಳಬೇಡ. ಸಂಘ ಬಿಡಬೇಡ. ಆದರೆ ಹಲಗೆ ನೀನೇ ಬರೆಯಬೇಕೆಂದೇನೂ ಇಲ್ಲ, ಬರೆಯಲು ಆ ಊರಿನಲ್ಲೇ ಹುಟ್ಟಿದವರು ಇರುತ್ತಾರೆ. ಫೋಟೋಗೆ ನಿಲ್ಲಿಸಿದರೆ ನೀನು ಹಿಂದಿನ ಸಾಲಿನಲ್ಲಿ ನಿಲ್ಲು. ನೀನು ನಿಲ್ಲುವುದಿಲ್ಲ ಎಂದು ಗೊತ್ತು. ಆದರೂ ಬರೆದಿದ್ದೇನೆ.

ಭಾನುವಾರ ಫೋನ್ ಮಾಡು. ಮೊದಲು ಅಮ್ಮನಿಗೇ ಮಾಡು, ಅವಳೇ ನನಗೆ ಕೊಡಲಿ; ಆ ನೆಪದಲ್ಲಾದರೂ ಮಾತಾಡಿಸುತ್ತಾಳೆ.

ನಿನ್ನ
ಅಪ್ಪ