ಯಾರೂ ಕೇಳದೇ ಹೋದರೆ ಅಂತ ಬರೆದಿದ್ದೀಯಲ್ಲ

ರಾಯಚೂರು

ಚಿ. ಪುಟ್ಟಿಗೆ ಆಶೀರ್ವಾದಗಳು.

ಮನೆ ಸುದ್ದಿ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. ಜಾಝ್, ಸೋಲ್ ಅನ್ನೋ ಅಮೆರಿಕದ ಸಂಗೀತದ ಆಲ್ಬಮ್‌ಗಳಲ್ಲಿ ಹೊಸದು ಯಾವುದು, ಹಳೇದು ಮತ್ತೆ ಬಂದದ್ದು ಯಾವುದು, ಏನು ಕೇಳಲಿ ಕಾಕಾ ಅಂತ ಕೇಳಿದ್ದೆ. ಖುಷಿಯಿಂದ ಪಟ್ಟಿ ಮಾಡಲು ಕೂತೆ. ಆಮೇಲೆ ಪತ್ರದ ಕೊನೆಯ ಸಾಲು ಕಣ್ಣಿಗೆ ಬಿತ್ತು. "ನಾನು ರೆಕಾರ್ಡ್ ಮಾಡಿದ್ದನ್ನು ಯಾರೂ ಕೇಳದೇ ಹೋದರೆ?" ಪಟ್ಟಿ ಅಲ್ಲಿಗೇ ನಿಂತಿತು.

ನಿನಗೆ ಸಮಾಧಾನ ಹೇಳೋಣ ಅಂತ ಮೊದಲು ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಕಥೆ ಬರೆದೆ. 1963ರ ಮಾರ್ಚ್ 6ರಂದು ನ್ಯೂಜೆರ್ಸಿಯ ಸ್ಟುಡಿಯೊದಲ್ಲಿ ತನ್ನ ತಂಡದ ಜೊತೆ ನುಡಿಸಿದ. ಅದು ಹೊರಗೆ ಬರಲೇ ಇಲ್ಲ. ಕಂಪನಿಯ ಮೂಲ ಟೇಪೂ ಕಳೆದುಹೋಯಿತು. ಮೊದಲ ಹೆಂಡತಿ ನೈಮಾ ಮನೆಯವರ ಹತ್ತಿರ ಒಂದು ಪ್ರತಿ ಉಳಿದಿತ್ತು. ಅದು 2018ರಲ್ಲಿ 'ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್' ಅಂತ ಬಂತು. 55 ವರ್ಷ ಆದಮೇಲೆ! ಆದರೆ ಬರೆದ ಮೇಲೆ ನನಗೇ ಸರಿ ಅನ್ನಿಸಲಿಲ್ಲ. ಅವನು 1967ರಲ್ಲೇ, 40ನೇ ವಯಸ್ಸಿಗೆ ಹೋಗಿಬಿಟ್ಟಿದ್ದ. ಅವನಿಗೇನು ಸಿಕ್ಕಿತು? ಅಲ್ಲದೆ ಅವನು ಹೆಸರಾಂತ. ಹೆಸರಿಲ್ಲದವರ ಟೇಪು ಯಾರು ಹುಡುಕುತ್ತಾರೆ ಅಂತ ನೀನು ಕೇಳೇ ಕೇಳುತ್ತೀ.

ನಿನ್ನ ಭಯ ಸುಳ್ಳು ಅಂತ ನಾನು ಹೇಳಲಾರೆ, ಪುಟ್ಟಿ. ಆದರೆ ಒಂದು ಮಾತು.

ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕ್ವಾರ್ಟರ್ಸ್‌ನಲ್ಲಿದ್ದಾಗ ಶಿಫ್ಟ್ ಮುಗಿಸಿ ಬಂದು ರಾತ್ರಿ ರೇಡಿಯೊ ಹಿಡಿದು ಕೂರುತ್ತಿದ್ದೆ. ಶಾರ್ಟ್‌ವೇವ್ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸ್ಟೇಷನ್ ಹೋಗಿಬಿಡುತ್ತಿತ್ತು. ಅಮೆರಿಕ ಸರ್ಕಾರ ಹೊರದೇಶದವರಿಗಾಗಿ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೊದಲ್ಲಿ ವಿಲ್ಲಿಸ್ ಕಾನೊವರ್ ಅಂತ ಒಬ್ಬ 1955ರಿಂದ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದ. ಡ್ಯೂಕ್ ಎಲಿಂಗ್ಟನ್ ತಂಡದ 'ಟೇಕ್ ದಿ ಎ ಟ್ರೇನ್' ಬಂತೆಂದರೆ ಅವನು ಬಂದ ಅಂತ ಅರ್ಥ. ದಪ್ಪ ಧ್ವನಿ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದ. ನನ್ನ ಅರೆಬರೆ ಇಂಗ್ಲಿಷಿಗೂ ಅರ್ಥವಾಗುತ್ತಿತ್ತು. ತಮಾಷೆ ನೋಡು, ಆ ಪ್ರಸಾರವನ್ನು ಅಮೆರಿಕದೊಳಗಿನ ಜನಕ್ಕೆ ಕೊಡುವಂತಿರಲಿಲ್ಲ, ಕಾನೂನೇ ಹಾಗಿತ್ತು. ಅವನ ಊರಿನವರಿಗೇ ಅವನ ಹೆಸರು ಹೆಚ್ಚು ಗೊತ್ತಿರಲಿಲ್ಲ. ಇತ್ತ ಕೃಷ್ಣಾ ದಂಡೆಯ ಮೇಲೆ, ಹಾರುಬೂದಿ ಕೂತ ಕಿಟಕಿ ಪಕ್ಕ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ. ಅವನಿಗೆ ಇದು ಹೇಗೆ ಗೊತ್ತಾಗಬೇಕು? ಒಂದು ಪತ್ರ ಹಾಕಬೇಕು ಅಂತ ಬಹಳ ಸಲ ಅನ್ನಿಸಿತ್ತು. ನನ್ನ ಇಂಗ್ಲಿಷ್ ನೋಡಿ ನಕ್ಕಾನು ಅಂತ ಸುಮ್ನಾದೆ. 1996ರಲ್ಲಿ ಅವನು ತೀರಿಕೊಂಡ. ಈಗಲೂ ಅದೊಂದು ಚುಚ್ಚುತ್ತದೆ. ಕೇಳಿದವರು ಕೇಳಿದೆ ಅಂತ ಹೇಳುವುದೇ ಇಲ್ಲ ನೋಡು. ನಿನ್ನದನ್ನೂ ಯಾರೋ ಹೀಗೇ ಕೇಳಿ ಸುಮ್ನಿರಬಹುದಲ್ವಾ?

ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್‌ನ 'ಪಾಲೊ ಆಲ್ಟೊ' ಮೊದಲು ಕೇಳು. 1968ರಲ್ಲಿ 16 ವರ್ಷದ ಒಬ್ಬ ವಿದ್ಯಾರ್ಥಿ ಅವನನ್ನು ತನ್ನ ಹೈಸ್ಕೂಲಿಗೆ ಕರೆಸಿ ಕಛೇರಿ ಇಡಿಸಿದ್ದ. ಶಾಲೆಯ ಜಾಡಮಾಲಿ ಬಂದು, ಪಿಯಾನೊ ಶ್ರುತಿ ಮಾಡಿಕೊಡುತ್ತೇನೆ, ರೆಕಾರ್ಡ್ ಮಾಡಲು ಬಿಡಿ ಅಂದನಂತೆ. ಆ ಟೇಪೇ 2020ರಲ್ಲಿ ಆಲ್ಬಮ್ ಆಯಿತು. ನನಗೆ ಮಾಂಕ್‌ಗಿಂತ ಆ ಜಾಡಮಾಲಿಯದೇ ಜಾಸ್ತಿ ನೆನಪು. ನಮ್ಮ ಮನೆಯ ಭಜನೆಗೆ ಅಂಥವನೊಬ್ಬ ಇರಬೇಕಿತ್ತು. ದೊಡ್ಡಪ್ಪನ ಕ್ಯಾಸೆಟ್ಟಿನ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಬರೆಯಲ್ಲ. ನಿನ್ನ ಫೈಲುಗಳನ್ನು ಒಂದೇ ಕಡೆ ಇಡಬೇಡ. ತಾರೀಖು, ನುಡಿಸಿದವರ ಹೆಸರು ಬರೆದಿಡು. ಇದನ್ನೆಲ್ಲ ನಿನಗೆ ಹೇಳಬೇಕಾ, ಆದರೂ ಹೇಳಿದೆ.

ಭಜನೆ ಅಂದಮೇಲೆ ಜಾನ್ ಕೋಲ್ಟ್ರೇನ್‌ನ ಎರಡನೆಯ ಹೆಂಡತಿ ಆಲಿಸ್ ಕೋಲ್ಟ್ರೇನ್ ಬಿಡಬೇಡ. ಜಾನ್ ತೀರಿಕೊಂಡ ಮೇಲೆ ಅವಳು ಅಧ್ಯಾತ್ಮದ ಕಡೆ ಹೊರಳಿ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿದಳು. 80ರ ದಶಕದಲ್ಲಿ ಆಶ್ರಮದವರಿಗೆ ಅಂತಲೇ ಭಜನೆ ಹಾಡಿ ಕ್ಯಾಸೆಟ್ ಮಾಡಿದ್ದಳು. ಬರೀ ಅವಳ ಧ್ವನಿ ಮತ್ತು ಆರ್ಗನ್ ಇರುವ ಟೇಪು 2021ರಲ್ಲಿ 'ಕೀರ್ತನ್: ತುರೀಯ ಸಿಂಗ್ಸ್' ಅಂತ ಬಂತು. ಪಕ್ಕದ ಮನೆಯ ಅಜ್ಜಿಗೆ ಕೇಳಿಸಿದೆ. "ಈಕಿ ಯಾವ ಮಠದಾಕಿ?" ಅಂತ ಕೇಳಿದಳು. ನೋಡು, ಅವಳು ಎಷ್ಟು ಜನ ಕೇಳಲಿ ಅಂತ ಹಾಡಿದ್ದಳು?

ಮತ್ತೆ ಅದೇ ಮಾತಿಗೆ ಬಂದೆ. ಏನು ಮಾಡಲಿ, ನಿನ್ನ ಸಾಲು ತಲೆಯಿಂದ ಹೋಗುತ್ತಿಲ್ಲ.

ವಯಸ್ಸಾಗುತ್ತಿದೆ ಅನ್ನೋ ಚಿಂತೆಯೂ ಅದರೊಳಗೇ ಇದ್ದರೆ ಸೋಲ್ ಗಾಯಕಿ ಶರಾನ್ ಜೋನ್ಸ್ ಕೇಳು. ಜೈಲಿನ ಕಾವಲು ಕೆಲಸವನ್ನೂ ಮಾಡಿದ್ದವಳು. ಮೊದಲ ಆಲ್ಬಮ್ 2002ರಲ್ಲಿ, ನಲವತ್ತು ದಾಟಿದ ಮೇಲೆ. ಚಾರ್ಲ್ಸ್ ಬ್ರ್ಯಾಡ್ಲಿ ಎಷ್ಟೋ ವರ್ಷ ಹೆಸರಾಂತ ಸೋಲ್ ಗಾಯಕ ಜೇಮ್ಸ್ ಬ್ರೌನ್ ವೇಷ ಹಾಕಿ ಅವನ ಹಾಡೇ ಹಾಡಿಕೊಂಡಿದ್ದ. ಅವನ ಸ್ವಂತ ಆಲ್ಬಮ್ ಬಂದಾಗ ಅವನಿಗೆ 62. ಆರೇ ವರ್ಷಕ್ಕೆ, 2017ರಲ್ಲಿ ಹೋದ. ಇದು ಧೈರ್ಯದ ಕಥೆಯೋ ಸಂಕಟದ ಕಥೆಯೋ ನನಗಂತೂ ಇನ್ನೂ ತೀರ್ಮಾನವಾಗಿಲ್ಲ.

ಹೊಸಬರಲ್ಲಿ ಜಾಝ್ ಗಾಯಕಿ ಸಮಾರಾ ಜಾಯ್. ಅವಳ 2024ರ 'ಪೋರ್ಟ್ರೇಟ್' ಚೆನ್ನಾಗಿದೆ, ನಿನಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಸ್ಯಾಕ್ಸೊಫೋನ್ ವಾದಕ ಫೇರೋ ಸ್ಯಾಂಡರ್ಸ್ 80ನೇ ವಯಸ್ಸಿನಲ್ಲಿ ತಂದ 'ಪ್ರಾಮಿಸಸ್' ಮಾತ್ರ ನಡುವೆ ನಿಲ್ಲಿಸದೆ ಕೇಳು, ಮುಕ್ಕಾಲು ಗಂಟೆ ಅಷ್ಟೇ. ದುಬಾರಿ ಎಲ್ಪಿ ರೆಕಾರ್ಡಿಗೆ ಸಾಲ ಮಾಡಬೇಡ. ಊರಿಗೆ ಬಂದಾಗ ಜಂಬಲದಿನ್ನಿ ರಂಗಮಂದಿರದಲ್ಲಿ ಹಾಡಿಸೋಣ ಅಂತ ಒಂದಾಸೆ. ಜನ ಬರುತ್ತಾರೆ ಅಂತ ಮಾತು ಕೊಡಲಾರೆ.

ನೀನು ಕಳಿಸಿದ ಮೂರು ಹಾಡುಗಳಲ್ಲಿ ಎರಡನೆಯದು ನನಗೆ ಹಿಡಿಸಿತು. ಡ್ರಮ್ ನಿಂತು ನೀನೊಬ್ಬಳೇ ಉಳಿಯುತ್ತೀಯಲ್ಲ, ಅಲ್ಲಿ ಧ್ವನಿ ಒಂದು ಕೂದಲು ಇಳಿದಿದೆ. ತಿದ್ದಬೇಡ. ಸ್ಟುಡಿಯೊದವರು ಬೇರೆ ಹೇಳಿದರೆ ಅವರ ಮಾತು ಕೇಳು, ನನಗೇನು ಗೊತ್ತು. ಕಾಕಿ ಅದನ್ನು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಿಮ್ಮ ಡ್ರಮ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈತಾಳ ತಪ್ಪಿ ರೊಟ್ಟಿ ಹರಿಯಿತು. ತಪ್ಪೆಲ್ಲ ನಿನ್ನದೇ ಅಂತೆ. ನಾಲ್ಕನೆಯ ಹಾಡು ಯಾವಾಗ ಅಂತಲೂ ಕೇಳಲು ಹೇಳಿದ್ದಾಳೆ, ಬರೆ.

ನಿನ್ನ ಕಾಕಾ